ಪರೀಕ್ಷೆ ಮತ್ತು ಮರೆವು



ನಿನ್ನೆ ಸಂಜೆ ಪ್ರವಚನ ಮುಗಿದು ನಾವು ಏಳುವ ಹೊತ್ತಿಗೆ ಈ ಶಲವಡಿಯ ಒಬ್ಬ ತಾಯಿ ತನ್ನ ಮಗನನ್ನು ಮುಂದೆ ಮಾಡಿಕೊಂಡು ಬಂದಳು. ಹುಡುಗ ಹತ್ತನೆಯ ಇಯತ್ತೆಯಲ್ಲಿ ಓದುತ್ತಾನೆ. ತಾಯಿಯ ಕೈಯಲ್ಲಿ ಎರಡು ಹೊಸ ಪೆನ್ನು. "ಅಜ್ಜಾರ, ಈ ಪೆನ್ನಿಗೆ ನಿಮ್ಮ ಕೈಲೆ ವಿಭೂತಿ ಹಚ್ಚಿ ಕೊಡ್ರಿ. ನಮ್ಮ ಹುಡುಗ ರಾತ್ರಿ ಹನ್ನೊಂದರ ತನಕಾ ಓದತಾನ್ರಿ. ಓದಿದ್ದೆಲ್ಲಾ ಬರತೈತಿ ಅಂತಾನ. ಪರೀಕ್ಷಾಕ್ಕ ಕುಂತರ ಮಾತ್ರ ಏನೂ ನೆನಪಿಗೆ ಬರೂದಿಲ್ಲಂತ. ಯಾರರೆ ಮಾಟಾ ಮಾಡಿಸ್ಯಾರೇನ್ರಿ?" ಎಂದು ಕಣ್ಣೀರು ತೆಗೆದಳು.

ನಾವು ವಿಭೂತಿ ಹಚ್ಚಿ ಕೊಟ್ಟೆವು. ತಾಯಿಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಕೊಟ್ಟೆವು. ಕೊಡುವಾಗ ಒಂದು ಮಾತು ಹೇಳಿದೆವು: "ತಂಗೀ, ಮಾಟವೂ ಇಲ್ಲ, ಗಾಳಿಯೂ ಇಲ್ಲ. ಪೆನ್ನಿಗೆ ನೆನಪು ಇರುವದಿಲ್ಲ. ನೆನಪು ಇರುವದು ಹುಡುಗನಿಗೆ. ಅದು ಯಾಕೆ ಕೈಕೊಡುತ್ತದೆ ಎಂಬುದನ್ನು ನಾಳೆ ಎಲ್ಲರ ಎದುರಿಗೆ ಹೇಳುತ್ತೇವೆ." ಕೊಟ್ಟ ಮಾತಿನ ಪ್ರಕಾರ ಇಂದು ಅದೇ ವಿಷಯ ತೆಗೆದುಕೊಂಡಿದ್ದೇವೆ. ಇನ್ನು ಒಂದೂವರೆ ತಿಂಗಳಿಗೆ ಪರೀಕ್ಷೆ. ಇಲ್ಲಿ ಕುಳಿತವರ ಮನೆಗಳಲ್ಲಿ ಓದುವ ಮಕ್ಕಳಿಲ್ಲದ ಮನೆ ಯಾವದೂ ಇರಲಿಕ್ಕಿಲ್ಲ. ಆದ್ದರಿಂದ ಚಿತ್ತವಿಟ್ಟು ಕೇಳಿರಿ.

ಮೊದಲು ನಡೆದ ಒಂದು ಸಂಗತಿ. 2024ರ ಏಪ್ರಿಲ್ ತಿಂಗಳು. ಈ ಭಾಗದ್ದೇ ಒಂದು ಹಳ್ಳಿ. ಊರಿನ ಹೆಸರು, ಮನೆಯ ಹೆಸರು ಬೇಡ. ಗಣಿತದ ಪರೀಕ್ಷೆ ಬರೆಯಲು ಹೋದ ಹುಡುಗ ಮಧ್ಯಾಹ್ನ ಮನೆಗೆ ಬರಲಿಲ್ಲ. ಬಿಸಿಲು ಇಳಿಯಿತು, ಹುಡುಗ ಇಲ್ಲ. ಗೆಳೆಯರನ್ನು ಕೇಳಿದರೆ, "ಪೇಪರ ಕೊಟ್ಟ ಮ್ಯಾಲ ಯಾರ ಸಂಗತೀನೂ ಮಾತಾಡಲಿಲ್ಲ" ಎಂದರು. ತಂದೆ, ಕಾಕಾ, ಓಣಿಯ ಮಂದಿ ಬ್ಯಾಟರಿ ಹಿಡಿದು ಹೊರಟರು. ದೀಪ ಹಚ್ಚುವ ಹೊತ್ತಿಗೆ ಕುರಿ ಕಾಯುವ ಒಬ್ಬ ಮುದುಕ ಅವನನ್ನು ಕೈಹಿಡಿದು ಕರೆತಂದ. ಕೆರೆಯ ದಂಡೆಯ ಮೇಲೆ ಒಬ್ಬನೇ ಕುಳಿತಿದ್ದನಂತೆ. ಯಾಕೆ ಕುಳಿತಿದ್ದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮುದುಕ ಏನೂ ಕೇಳಲಿಲ್ಲ. ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟು, "ಹಸದಿ, ಉಣ್ಣ ತಮ್ಮಾ" ಎಂದನಂತೆ. ಅಷ್ಟೇ ಮಾತು ಆ ದಿನ ಒಂದು ಮನೆಯನ್ನು ಉಳಿಸಿತು.

ಮೂರು ದಿನ ಬಿಟ್ಟು ಹುಡುಗನನ್ನು ಮಠಕ್ಕೆ ಕರೆತಂದರು. ನಾವೂ ಉಪದೇಶ ಮಾಡಲಿಲ್ಲ. ಪ್ರಸಾದ ಆಯಿತು. ಸಂಜೆ ಅಂಗಳದಲ್ಲಿ ಕುಳಿತಾಗ, "ಅಂದು ಬಿಟ್ಟ ಪ್ರಶ್ನೆ ಯಾವದು ತಮ್ಮಾ?" ಎಂದು ಸಹಜವಾಗಿ ಕೇಳಿದೆವು. ಅವನು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ತ್ರಿಭುಜ ಬರೆದ. ಥೇಲ್ಸನ ಪ್ರಮೇಯ. ಒಂದು ಬಾಹುವಿಗೆ ಸಮಾನಾಂತರವಾಗಿ ಗೆರೆ ಎಳೆದರೆ ಉಳಿದ ಎರಡು ಬಾಹುಗಳು ಒಂದೇ ಪ್ರಮಾಣದಲ್ಲಿ ತುಂಡಾಗುತ್ತವೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಸಾಧಿಸಿ ತೋರಿಸಿದ. ಎಲ್ಲಿಯೂ ತಡವರಿಸಲಿಲ್ಲ. ಮುಗಿಸಿದವನೇ ಕಡ್ಡಿ ಒಗೆದು ಅತ್ತ. "ಈಗ ಬರತೈತಿ ಅಜ್ಜಾರ. ಆವತ್ತ ಯಾಕ ಬರಲಿಲ್ಲ?"

ಆ ಹುಡುಗನ ಪ್ರಶ್ನೆಯೂ ನಿನ್ನೆಯ ತಾಯಿಯ ಪ್ರಶ್ನೆಯೂ ಒಂದೇ. ಬಂದದ್ದು ಯಾಕೆ ಬರಲಿಲ್ಲ?

ನಾವು ಪಾಠಶಾಲೆಯಲ್ಲಿ ತರ್ಕ ಓದುವಾಗ ಗುರುಗಳು ಹೇಳಿಕೊಟ್ಟ ಕ್ರಮ ಹೀಗಿದೆ. ಕಂಡದ್ದು, ಕೇಳಿದ್ದು, ಓದಿದ್ದು ಒಳಗೆ ಒಂದು ಗುರುತು ಬಿಟ್ಟು ಹೋಗುತ್ತದೆ. ಅದಕ್ಕೆ ಸಂಸ್ಕಾರ ಎಂದು ಹೆಸರು. ಸಂಸ್ಕಾರ ಇದ್ದ ಮಾತ್ರಕ್ಕೆ ನೆನಪು ಆಗುವದಿಲ್ಲ. ಸಂಸ್ಕಾರ ಮಲಗಿರುತ್ತದೆ; ಅದನ್ನು ಎಬ್ಬಿಸುವ ಒಂದು ನಿಮಿತ್ತ ಬೇಕು. ಆ ನಿಮಿತ್ತಕ್ಕೆ ಉದ್ಬೋಧಕ ಎನ್ನುತ್ತಾರೆ. ಸಂಸ್ಕಾರವೂ ಇದ್ದು ಉದ್ಬೋಧಕವೂ ಒದಗಿದಾಗ ಮಾತ್ರ ಸ್ಮೃತಿ ಹುಟ್ಟುತ್ತದೆ. ಇಂದಿನ ಮನಃಶಾಸ್ತ್ರದವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಳಗೆ ಹಾಕುವದು, ಒಳಗೆ ಉಳಿಯುವದು, ಹೊರಗೆ ತೆಗೆಯುವದು ಈ ಮೂರೂ ಬೇರೆ ಬೇರೆ ಕೆಲಸ. ಒಂದು ಸರಿಯಿದ್ದು ಇನ್ನೊಂದು ಕೆಡಬಹುದು.

ನಿಮಗೆ ತಿಳಿಯುವ ಹಾಗೆ ಹೇಳುವದಾದರೆ ಹಗೇವನ್ನು ನೆನಸಿಕೊಳ್ಳಿರಿ. ಈಗ ಹಗೇವು ಬಹಳ ಉಳಿದಿಲ್ಲ, ಹಿರಿಯರಿಗೆ ಗೊತ್ತಿದೆ. ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಬಿಡುತ್ತಿದ್ದರು. ಬರಗಾಲ ಬಂದಾಗ ಬಾಯಿ ತೆಗೆಯುವದು. ತೆಗೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದವರು ಜೀವ ಕಳೆದುಕೊಂಡದ್ದುಂಟು. ಬಾಯಿ ತೆಗೆದು, ಗಾಳಿ ಹೋಗಲಿ ಎಂದು ಕಾಯ್ದು, ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಆಮೇಲೆ ಮನುಷ್ಯ ಇಳಿಯುತ್ತಿದ್ದ. ಜೋಳ ಒಳಗೇ ಇದೆ, ಕೆಟ್ಟಿಲ್ಲ. ಆದರೂ ತೆಗೆಯುವ ರೀತಿ ತಿಳಿಯದಿದ್ದರೆ ಮನೆಯವರು ಹಸಿದು ಕೂಡಬೇಕು. ಅಂದು ಆ ಹುಡುಗನ ಸ್ಥಿತಿ ಅದೇ ಆಗಿತ್ತು.

ಉದ್ಬೋಧಕ ಎಂದರೆ ಏನು ಎಂಬುದಕ್ಕೆ ಇನ್ನೊಂದು ದೃಷ್ಟಾಂತ. ಒಂದು ಹಳ್ಳಿಯಲ್ಲಿ ಬೀಸುಕಲ್ಲಿನ ಪದಗಳನ್ನು ರಾತ್ರಿಯೆಲ್ಲ ಹಾಡಬಲ್ಲ ಒಬ್ಬ ಮುದುಕಿ ಇದ್ದಳು. ಅವಳ ಹಾಡು ಬರೆದುಕೊಳ್ಳಬೇಕೆಂದು ಪಟ್ಟಣದವರು ಬಂದರು. ಅವಳನ್ನು ಕುರ್ಚಿಯ ಮೇಲೆ ಕೂಡಿಸಿ ಎದುರಿಗೆ ಯಂತ್ರ ಇಟ್ಟು, "ಹಾಡಜ್ಜೀ" ಎಂದರು. ಮುದುಕಿಗೆ ಒಂದು ಸಾಲೂ ಬರಲಿಲ್ಲ. ಬೆವತಳು. ಆಮೇಲೆ, "ಹಿಂಗ ಕುಂತರ ಬರೂದಿಲ್ಲರಿ, ಕಲ್ಲ ಮುಂದ ಕುಂದರಸ್ರಿ" ಎಂದಳು. ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದು ತಿರುವಿದಳೋ ಇಲ್ಲವೋ, ಪದ ತಾನಾಗಿ ಬಂತು. ಕೈಯ ತಿರುಗಾಟವೇ ಅವಳಿಗೆ ಉದ್ಬೋಧಕ. ಕುರ್ಚಿ ಅವಳ ಹಾಡನ್ನು ಅಳಿಸಿರಲಿಲ್ಲ. ಎಬ್ಬಿಸುವ ಕೈಯನ್ನು ಕಟ್ಟಿ ಹಾಕಿತ್ತು.

ಗೌತಮರ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ನೆನಪು ಯಾವ ಯಾವ ಕಾರಣದಿಂದ ಏಳುತ್ತದೆ ಎಂದು ಇಪ್ಪತ್ತಕ್ಕೂ ಮೇಲೆ ಕಾರಣಗಳನ್ನು ಎಣಿಸಿದ್ದಾರೆ. ಮನಸ್ಸನ್ನು ಒಂದೆಡೆ ನಿಲ್ಲಿಸುವದು, ಮೇಲಿಂದ ಮೇಲೆ ಅಭ್ಯಾಸ ಮಾಡುವದು, ಒಂದು ಚಿಹ್ನೆ ಕಾಣುವದು, ಹೋಲಿಕೆ, ಸಂಬಂಧ, ಒಂದರ ಹಿಂದೆ ಒಂದು ಬರುವ ಕ್ರಮ, ವಿರೋಧ, ಸುಖ, ದುಃಖ, ಹೀಗೆ. ಕ್ರಮದ ಮಾತು ಬಂದದ್ದರಿಂದ ನಮ್ಮದೇ ಒಂದು ಸಂಗತಿ ಹೇಳುತ್ತೇವೆ, ನಕ್ಕರೆ ನಗಿರಿ.

ನಮಗೆ ಆಗ ಹದಿನಾಲ್ಕು ವರುಷ. ಪಾಠಶಾಲೆಗೆ ಹೊರಗಿನ ಊರಿನಿಂದ ಪರೀಕ್ಷಕರು ಬಂದಿದ್ದರು. ದೊಡ್ಡ ರುಮಾಲು, ದಪ್ಪ ಮೀಸೆ. ನಾವು ಅಮರಕೋಶದ ವರ್ಗಗಳನ್ನು, ಲಘುಕೌಮುದಿಯ ಸಂಧಿ ಪ್ರಕರಣವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ಅವರು ಕೇಳಿದ್ದು ರಾಮ ಶಬ್ದದ ತೃತೀಯಾ ಬಹುವಚನ. ಪಾಠಶಾಲೆಗೆ ಬಂದ ಮೊದಲನೆಯ ತಿಂಗಳಲ್ಲಿ ಕಲಿಯುವದು! ನಾಲಿಗೆ ಅಂಟಿತು. ಹಿಂದೆ ನಮ್ಮ ಗುರುಗಳು ನಿಂತಿದ್ದರು. ಅವರ ಮಾನ ಹೋಯಿತಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಪರೀಕ್ಷಕರು ನೋಡಿದರು; ಬೈಯಲಿಲ್ಲ. "ಹೋಗು, ನೀರು ಕುಡಿದು ಬಾ" ಎಂದರು. ಬಾವಿಯ ಹಗ್ಗ ಜಗ್ಗುತ್ತ ಮೊದಲಿನ ರೂಪದಿಂದ ಗುಣುಗುಣಿಸಿದೆವು: ರಾಮಃ, ರಾಮೌ, ರಾಮಾಃ. ಹಗ್ಗದ ಸಂಗಡ ಕೊಡ ಮೇಲೆ ಬಂದ ಹಾಗೆ ಒಂದರ ಹಿಂದೆ ಒಂದು ರೂಪ ಮೇಲೆ ಬಂತು. ಕೊಡ ಕಟ್ಟೆಗೆ ಮುಟ್ಟುವದರೊಳಗೆ 'ರಾಮೈಃ' ಬಂದಿತ್ತು.

ಇದರಿಂದ ನಮಗೆ ಎರಡು ಪಾಠ ಆದವು. ನಾವು ಸಾಲಾಗಿ ಕಲಿತಿದ್ದೆವು. ಅವರು ನಡುವಿನಿಂದ ಕೇಳಿದರು. ಸಾಲಿನ ತುದಿ ನಮ್ಮ ಕೈಗೆ ಸಿಗಲಿಲ್ಲ. ಅದಕ್ಕೇ ವೇದಪಾಠದಲ್ಲಿ ಕ್ರಮ, ಜಟೆ, ಘನ ಎಂದು ಪದಗಳನ್ನು ಮುಂದೆ ಹಿಂದೆ ಹೆಣೆದು ಹೇಳಿಸುತ್ತಾರೆ. ಎಲ್ಲಿಂದ ಎತ್ತಿದರೂ ತಪ್ಪಬಾರದೆಂದು. ಎರಡನೆಯದು, ಆ ಹೊತ್ತಿಗೆ ನಮ್ಮ ತಲೆ ಬರಿದಾಗಿರಲಿಲ್ಲ. ರಾಮ ಶಬ್ದ ಇರಬೇಕಾದ ಜಾಗದಲ್ಲಿ ಗುರುಗಳ ಮುಖ ಬಂದು ಕುಳಿತಿತ್ತು.

ಈ ಎರಡನೆಯದೇ ಇಂದಿನ ಮುಖ್ಯ ವಿಷಯ. ನ್ಯಾಯಸೂತ್ರದ ಆ ಪಟ್ಟಿಯಲ್ಲಿ ಭಯವೂ ಒಂದು ಕಾರಣವಾಗಿ ಸೇರಿದೆ. ಭಯದಿಂದಲೂ ನೆನಪು ಏಳುತ್ತದೆ. ಆದರೆ ಯಾವದರ ನೆನಪು? ಭಾಷ್ಯಕಾರರಾದ ವಾತ್ಸ್ಯಾಯನರು ಅದನ್ನು ಬಿಡಿಸಿದ್ದಾರೆ: ಮನುಷ್ಯ ಯಾವದಕ್ಕೆ ಹೆದರುತ್ತಾನೋ ಅದರ ನೆನಪು. ನಾವು ಇದನ್ನು ಹುಡುಗರಾಗಿದ್ದಾಗ ಬಾಯಿಪಾಠ ಮಾಡಿದ್ದೆವು; ಅರ್ಥ ತಿಳಿದದ್ದು ಆ ಹುಡುಗ ಮಠಕ್ಕೆ ಬಂದ ಸಂಜೆ.

ಅವನು ಅತ್ತು ಸುಮ್ಮನಾದ ಮೇಲೆ ನಾವು ಇನ್ನೊಂದು ಪ್ರಶ್ನೆ ಕೇಳಿದೆವು: "ತಮ್ಮಾ, ಪ್ರಶ್ನೆ ಓದಿದಾಗ ಪ್ರಮೇಯ ನೆನಪಾಗಲಿಲ್ಲ ಸರಿ. ಮತ್ತೇನು ನೆನಪಾಯಿತು?" ಬಹಳ ಹೊತ್ತು ಸುಮ್ಮನಿದ್ದು, "ಹೊಲಾ ನೆನಪಾತ್ರಿ" ಎಂದ. ಅವನ ತಂದೆ ಕೆಟ್ಟವನಲ್ಲ. ಕುಡಿತವಿಲ್ಲ, ಬಡಿತವಿಲ್ಲ. ದಿನಾ ರಾತ್ರಿ ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳುತ್ತಿದ್ದ: "ನಿನ್ನ ಸಾಲಿ ಸಲುವಾಗಿ ಎರಡ ಎಕರೆ ಅಡಾ ಇಟ್ಟೇನಿ, ನೆನಪಿರಲಿ." ಹುಡುಗ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಸಮಾನಾಂತರ ಗೆರೆ ಎಂದು ಪ್ರಶ್ನಪತ್ರಿಕೆಯಲ್ಲಿ ಓದಿದವನ ಕಣ್ಣಿಗೆ ಹೊಲದ ಬದು ಕಂಡಿತು. ತಂದೆ ಪ್ರತಿ ರಾತ್ರಿ ಮಾಡಿಸಿದ ಅಭ್ಯಾಸ ಅದು. ಪ್ರಮೇಯದ ಅಭ್ಯಾಸಕ್ಕಿಂತ ಗಟ್ಟಿಯಾಗಿ ನಿಂತಿತ್ತು.

ಇದಕ್ಕೆ ಶರೀರದ ಕಡೆಯಿಂದಲೂ ಕಾರಣವಿದೆ. ಭಯ ಬಲವಾದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ ರಸ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕ ಡಿ ಕೆರ್ವೆನ್ ಮತ್ತು ಸಂಗಡಿಗರು 2000ನೆಯ ಇಸವಿಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತರಿಗೆ ಒಂದು ದಿನ ಕೆಲವು ಶಬ್ದ ಕಲಿಸಿ ಮರುದಿನ ಕೇಳಿದರು. ಕೇಳುವ ಒಂದು ತಾಸು ಮೊದಲು ಈ ರಸದ ಜಾತಿಯ ಗುಳಿಗೆ ಕೊಟ್ಟಾಗ ಶಬ್ದಗಳು ಕಡಿಮೆ ನೆನಪಾದವು. ಅದೇ ಗುಳಿಗೆಯನ್ನು ಕಲಿಯುವ ಹೊತ್ತಿನಲ್ಲಿ ಕೊಟ್ಟಾಗ ಅಂಥ ತೊಂದರೆ ಕಾಣಲಿಲ್ಲ. ಅಂದರೆ ಜೋಳ ಕೆಡಲಿಲ್ಲ. ಹಗೇವಿನ ಬಾಯಿ ಮುಚ್ಚಿತು. ಇನ್ನೊಂದು ಮಾತು. ಮನಸ್ಸು ಒಂದು ಹೊತ್ತಿಗೆ ಕೈಯಲ್ಲಿ ಹಿಡಿಯಬಲ್ಲದ್ದು ನಾಲ್ಕಾರು ವಸ್ತುಗಳನ್ನು ಮಾತ್ರ. ಅವುಗಳಲ್ಲಿ ಹೊಲ ಒಂದು, ಅಪ್ಪನ ಮುಖ ಒಂದು, ನೆರೆಮನೆಯವರ ನಗೆ ಒಂದು ಬಂದು ಕುಳಿತರೆ ಲೆಕ್ಕಕ್ಕೆ ಜಾಗ ಎಲ್ಲಿಂದ ಬರಬೇಕು?

ಅಂಜಿಕೆಯೇ ಬೇಡವೆಂದು ನಾವು ಹೇಳುವದಿಲ್ಲ. ಸ್ವಲ್ಪ ಅಂಜಿಕೆ ಇದ್ದರೆ ಹುಡುಗ ಬೆಳಗಿನಲ್ಲಿ ಏಳುತ್ತಾನೆ, ಪುಸ್ತಕ ತೆಗೆಯುತ್ತಾನೆ. ಅದು ಸಾರಿಗೆ ಉಪ್ಪು ಹಾಕಿದ ಹಾಗೆ. ಉಪ್ಪು ಹೆಚ್ಚಾದ ಸಾರನ್ನು ಯಾರೂ ಉಣ್ಣಲಾರರು.

ಇಷ್ಟು ಕೇಳಿದ ಮೇಲೆ ಮುಂದಿನ ಸಾಲಿನ ಮಕ್ಕಳಲ್ಲಿ ಕೆಲವರು ನಗುತ್ತಿದ್ದಾರೆ. ತಪ್ಪೆಲ್ಲ ಅಪ್ಪನದೇ ಆಯಿತು ಎಂದು ಸಂತೋಷ! ನಿಲ್ಲಿರಿ, ನಿಮ್ಮ ಪಾಳಿಯೂ ಬಂತು.

ಹಗೇವಿಗೆ ಜೋಳವನ್ನೇ ಹಾಕದವನು ಬಾಯಿ ತೆಗೆದು ಕಾಯ್ದರೆ ಏನು ಫಲ? ಅದು ಮರೆವಲ್ಲ. ಅದರ ಮಾತು ಬಿಡೋಣ. ಆದರೆ ನಡುವೆ ಒಂದು ಜಾತಿ ಇದೆ. ಬಹಳ ಮಕ್ಕಳು ಅದರಲ್ಲಿ ಸಿಕ್ಕುತ್ತಾರೆ. ಶಾಸ್ತ್ರದಲ್ಲಿ ಸ್ಮೃತಿ ಬೇರೆ, ಪ್ರತ್ಯಭಿಜ್ಞೆ ಬೇರೆ. ಜಾತ್ರೆಯಲ್ಲಿ ಒಬ್ಬ ಎದುರಿಗೆ ಬಂದಾಗ "ಇವನನ್ನು ಹಿಂದೆ ಕಂಡಿದ್ದೇನೆ" ಎಂದು ಗುರುತು ಹತ್ತುವದು ಪ್ರತ್ಯಭಿಜ್ಞೆ. ಅವನು ಎದುರಿಗೆ ಇಲ್ಲದಾಗ ಅವನ ಹೆಸರು, ಊರು, ಮುಖ ತಂದುಕೊಳ್ಳುವದು ಸ್ಮೃತಿ. ಪುಸ್ತಕ ಬಿಚ್ಚಿ ಐದನೆಯ ಸಲ ಓದುವಾಗ ಎಲ್ಲ ಸಾಲುಗಳೂ ಗುರುತಿನವು ಕಾಣುತ್ತವೆ. "ನನಗೆ ಬರತೈತಿ" ಎಂದು ಹುಡುಗ ತಿಳಿಯುತ್ತಾನೆ. ಅದು ಸುಳ್ಳಲ್ಲ, ಆದರೆ ಅವನಿಗೆ ಬರುವದು ಗುರುತು. ಪರೀಕ್ಷೆಯಲ್ಲಿ ಪುಸ್ತಕ ಇರುವದಿಲ್ಲ. ಅಲ್ಲಿ ಬೇಕಾದದ್ದು ಸ್ಮೃತಿ. ವರುಷವೆಲ್ಲ ಒಂದನ್ನು ಅಭ್ಯಾಸ ಮಾಡಿ ಕೊನೆಗೆ ಇನ್ನೊಂದನ್ನು ಬೇಡಿದರೆ ಎಲ್ಲಿಂದ ಬಂದೀತು?

ನಮ್ಮ ಹಿರಿಯರ ಪದ್ಧತಿಯಲ್ಲಿ ಇದಕ್ಕೆ ಔಷಧ ಇತ್ತು. ಕನ್ನಡದಲ್ಲಿ "ಪಾಠ ಒಪ್ಪಿಸುವದು" ಎಂಬ ಮಾತಿದೆ. ಗುರು ಕೊಟ್ಟದ್ದನ್ನು ಮರುದಿನ ಪುಸ್ತಕ ಮುಚ್ಚಿ ತಿರುಗಿ ಅವನ ಕೈಗೆ ಒಪ್ಪಿಸಬೇಕು; ಒಪ್ಪಿಸಿದ ಮೇಲೆಯೇ ಹೊಸ ಪಾಠ. ಸಂಜೆಗೆ ಸಾಲಾಗಿ ನಿಲ್ಲಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಅರ್ಥ ತಿಳಿಯದೆ ಗಿಳಿಯ ಹಾಗೆ ಹೇಳಿಸುವದು ಆ ಪದ್ಧತಿಯ ದೋಷವಾಗಿತ್ತು. ಅದನ್ನು ಬಿಟ್ಟದ್ದು ಒಳ್ಳೆಯದೇ. ಅದರ ಸಂಗಡ ಒಪ್ಪಿಸುವದನ್ನೂ ಬಿಟ್ಟೆವು, ಅದು ನಷ್ಟವಾಯಿತು.

2006ರಲ್ಲಿ ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ವಿದ್ವಾಂಸರು ಇದನ್ನು ಅಳೆದು ನೋಡಿದರು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದು ಸರದಿ ಓದಿ ಮೂರು ಸರದಿ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಬರೀ ಓದಿದವರಿಗೆ ನೂರಕ್ಕೆ 40ರಷ್ಟು ನೆನಪಿತ್ತು; ಒಪ್ಪಿಸಿದವರಿಗೆ 61. ಇನ್ನೂ ದೊಡ್ಡ ಮಾತು 2016ರಲ್ಲಿ ಏಮಿ ಸ್ಮಿತ್ ಮತ್ತು ಸಂಗಡಿಗರು ಕಂಡದ್ದು. ಕಲಿತ ಮರುದಿನ ಜನರನ್ನು ಬೇಕೆಂದೇ ಗಾಬರಿಗೊಳಿಸಿ ಕೇಳಿದರು. ಬರೀ ಓದಿ ಕಲಿತವರ ನೆನಪು ಗಾಬರಿಯಲ್ಲಿ ಕುಗ್ಗಿತು. ನೆನಪಿನಿಂದ ತೆಗೆದು ತೆಗೆದು ಕಲಿತವರ ನೆನಪು ಗಾಬರಿಯಲ್ಲಿಯೂ ನಿಂತಿತು. ದಿನಾ ತುಳಿದ ಹಾದಿ ಕತ್ತಲೆಯಲ್ಲಿಯೂ ಕಾಲಿಗೆ ಸಿಗುತ್ತದೆ.

ದೂರ ಹೋಗುವದು ಬೇಡ, ಗದಗಿಗೆ ಹೋಗಿ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಸ್ಥಾನ. ಅವರಿಗೆ ಕಣ್ಣಿರಲಿಲ್ಲ; ಅವರ ಶಿಷ್ಯರಾಗಿ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಕಿವಿಯಿಂದ ಕೇಳಿ, ಬಾಯಿಂದ ತಿರುಗಿ ಒಪ್ಪಿಸಿ ಕಲಿತ ವಿದ್ಯೆ ಅದು. ತಿರುವಿ ನೋಡಲು ಪುಸ್ತಕವಿಲ್ಲದ್ದರಿಂದ ಪ್ರತಿದಿನವೂ ಒಳಗಿನಿಂದಲೇ ತೆಗೆಯಬೇಕು. ಅವಧಾನ ಕಲೆಯೂ ಹೀಗೆಯೇ. ಶತಾವಧಾನಿ ಡಾ. ಆರ್. ಗಣೇಶ ಅವರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲಿ ಶತಾವಧಾನ ನಡೆಸಿದರು. ಅವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಎಂದು ಒಬ್ಬನನ್ನು ಕೂಡಿಸುತ್ತಾರೆ. ನಡುನಡುವೆ ಬಾಯಿ ಹಾಕಿ ಮನಸ್ಸು ಕೆಡಿಸುವದೇ ಅವನ ಕೆಲಸ. ಅವನ ಕಾಟದ ನಡುವೆಯೂ ಬಿಟ್ಟ ಸಾಲನ್ನು ಬಿಟ್ಟಲ್ಲಿಂದ ಎತ್ತಬೇಕು. ಪರೀಕ್ಷೆಯ ಕೋಣೆಯಲ್ಲಿ ಆ ಪ್ರಸಂಗಿ ಹುಡುಗನ ತಲೆಯೊಳಗೇ ಕುಳಿತಿರುತ್ತಾನೆ. ಆದ್ದರಿಂದ ಅಭ್ಯಾಸವೂ ಅಂಥದೇ ಇರಬೇಕು.

ಈಗ ಮಕ್ಕಳು ಮಾಡಬೇಕಾದದ್ದನ್ನು ಹೇಳುತ್ತೇವೆ, ಕೇಳಿರಿ. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಬರಿ ಹಾಳೆಯ ಮೇಲೆ ನೆನಪಾದಷ್ಟು ಬರೆಯಿರಿ. ಆಮೇಲೆ ತೆಗೆದು ನೋಡಿ ಬಿಟ್ಟದ್ದನ್ನು ತಿದ್ದಿರಿ. ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಒಮ್ಮೆ ಹೀಗೆ ಮಾಡಿರಿ. ನಡುವಿನಿಂದಲೂ ಕೇಳಿಸಿಕೊಳ್ಳಿರಿ. ಅಕ್ಷರ ಬಾರದ ಅಜ್ಜಿಯ ಮುಂದೆ ಒಪ್ಪಿಸಿರಿ, "ಅಂದರ ಏನೋ ತಮ್ಮಾ?" ಎಂದು ಅವಳು ಕೇಳುವ ಪ್ರಶ್ನೆಗಿಂತ ದೊಡ್ಡ ಪರೀಕ್ಷೆ ಇಲ್ಲ. ಹಳೆಯ ಪ್ರಶ್ನಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಮೂರು ತಾಸು ಒಂದೇ ಕಡೆ ಕುಳಿತು ಬರೆಯಿರಿ; ಮೂರು ನಾಲ್ಕು ಸಲ ಮಾಡಿದರೆ ಪರೀಕ್ಷೆಯ ಕುರ್ಚಿ ಹೊಸದೆನಿಸುವದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಬೆಳಗು ಮಾಡಬೇಡಿರಿ. ತುಂಬಿದ ಹಗೇವಿಗೆ ಬಾಯಿ ಮುಚ್ಚಿ ಮಣ್ಣು ಮೆತ್ತುವ ಕೆಲಸ ನಿದ್ದೆಯದು. ಮೊಬೈಲನ್ನು ಆ ದಿನಗಳ ಮಟ್ಟಿಗೆ ತಾಯಿಯ ಪೆಟ್ಟಿಗೆಯಲ್ಲಿಡಿರಿ.

ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು "ಅದು ಬಂತೇನು, ಇದು ಬಂತೇನು" ಎಂದು ಕೇಳುವವರಿಂದ ದೂರ ಇರಿರಿ. ಅಂಜಿಕೆ ಬಹಳವಿದ್ದವರು ಮನೆ ಬಿಡುವ ಮೊದಲು ಹತ್ತು ನಿಮಿಷ ಕುಳಿತು ತಮ್ಮ ಅಂಜಿಕೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಲ್ಲಿಯೇ ಬಿಟ್ಟು ಹೋಗಲಿ. 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಎಂಬವರು ಇದರಿಂದ ಅಂಜುವ ಮಕ್ಕಳಿಗೆ ಗುಣ ಕಂಡದ್ದನ್ನು ಬರೆದಿದ್ದಾರೆ. ಎಲ್ಲರಿಗೂ ಒಂದೇ ತೆರನಾಗಿ ಫಲ ಕೊಡದಿರಬಹುದು. ಮಾಡಿದರೆ ಹಾನಿ ಇಲ್ಲ.

ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಬರೆಯುವ ಹೊತ್ತಿಗೆ ಮೊದಲು 15 ನಿಮಿಷ ಪ್ರಶ್ನಪತ್ರಿಕೆ ಓದಲಿಕ್ಕೆಂದೇ ಕೊಡುತ್ತಾರೆ. ಅದು ಹಗೇವಿನ ಗಾಳಿ ಹೋಗುವ ಹೊತ್ತು ಎಂದು ತಿಳಿಯಿರಿ. ಬಾಯಿ ತೆಗೆದ ಕೂಡಲೆ ಧುಮುಕಬೇಡಿರಿ. ಉಸಿರನ್ನು ಮೆಲ್ಲಗೆ, ಉದ್ದಕ್ಕೆ ಹೊರಗೆ ಬಿಡಿರಿ, ಹತ್ತು ಸಲ. ಪತ್ರಿಕೆಯನ್ನು ತುದಿಯವರೆಗೆ ಓದಿರಿ. ಖಚಿತವಾಗಿ ಬರುವದನ್ನು ಮೊದಲು ಬರೆಯಿರಿ. ಅದೇ ನೀವು ಇಳಿಬಿಡುವ ದೀಪ. ಒಂದು ಪ್ರಶ್ನೆಯ ಮುಂದೆ ನಾಲಿಗೆ ಅಂಟಿದರೆ ಅದರೊಡನೆ ಗುದ್ದಾಡಬೇಡಿರಿ. ಜಾಗ ಬಿಟ್ಟು ಮುಂದೆ ನಡೆಯಿರಿ. ತಿರುಗಿ ಬಂದಾಗ ಕೊಟ್ಟದ್ದೇನು, ಕೇಳಿದ್ದೇನು ಎಂದು ಬರೆಯಿರಿ, ಚಿತ್ರ ಬರೆಯಿರಿ, ಆ ಪಾಠದ ಯಾವ ಮಾತು ನೆನಪಾದರೂ ಬರೆಯಿರಿ. ಒಂದು ಎಳೆ ಕೈಗೆ ಸಿಕ್ಕರೆ ಅದು ಇನ್ನೊಂದನ್ನು ಎಳೆದು ತರುತ್ತದೆ. ಲಿಂಗಪೂಜೆಗೆ ಕುಳಿತಾಗ ಚಿತ್ತ ಓಡಿಹೋಗುವದು ನಮಗೆಲ್ಲ ಗೊತ್ತು. ಅದನ್ನು ಬೈದರೆ ಇನ್ನಷ್ಟು ಓಡುತ್ತದೆ. ಮೇಯಲು ಹೋದ ಕರುವನ್ನು ತರುವ ಹಾಗೆ ಮೆಲ್ಲಗೆ ತಿರುಗಿಸಿ ತರಬೇಕು. ಪರೀಕ್ಷೆಯ ಕೋಣೆಯಲ್ಲಿಯೂ ಅದೇ ಕ್ರಮ.

ಕೊನೆಯ ಮಾತು ಹಿರಿಯರಿಗೆ. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 66 ಮಕ್ಕಳು ಪಾಸಾದರು. ಅಂದರೆ ಮೂವರಲ್ಲಿ ಒಬ್ಬ ಮೊದಲ ಸಲಕ್ಕೆ ದಾಟಲಿಲ್ಲ. ಇದು ಒಂದು ಮನೆಯ ಅಪಮಾನದ ಮಾತಲ್ಲ, ನಾಡಿನ ಮಾತು. 2024ರಲ್ಲಿ ಪರೀಕ್ಷಾ ಮಂಡಳಿಯವರು ಒಂದೇ ವರುಷದಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ಮೂರು ಅವಕಾಶ ಕೊಟ್ಟರು. ಹೆಚ್ಚಿಗೆ ಬಂದ ಅಂಕಗಳನ್ನೇ ಉಳಿಸಿಕೊಳ್ಳಬಹುದೆಂದರು. ಸರಕಾರದವರೇ ಒಂದು ದಿನದ ಮರೆವಿಗೆ ತಿರುಗಿ ಬಾಗಿಲು ತೆಗೆದಿರುವಾಗ ಹೆತ್ತವರು ಬಾಗಿಲು ಹಾಕಿಕೊಂಡರೆ ಹೇಗೆ?

ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಒಬ್ಬನೇ ಕೂಡಲಿಕ್ಕೆ ಹತ್ತಿದರೆ, "ನಾನಿದ್ದು ಏನು ಮಾಡೂದು" ಎಂಬಂಥ ಮಾತು ಆಡಿದರೆ, ಸುಮ್ಮನೆ ಆಡುತ್ತಾನೆಂದು ತಿಳಿಯಬೇಡಿರಿ. ಬೈಯಬೇಡಿರಿ, ಬಿಟ್ಟೂ ಹೋಗಬೇಡಿರಿ. ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದು ಕೊಡಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸರಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಎಂದು 2022ರಲ್ಲಿ ಆರಂಭವಾದ ಸರಕಾರದ ಫೋನ್ ಸೇವೆ ಇದೆ. 14416 ಒತ್ತಿದರೆ ಹಗಲಿರಲಿ ರಾತ್ರಿಯಿರಲಿ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಜ್ವರಕ್ಕೆ ವೈದ್ಯರ ಹತ್ತಿರ ಹೋಗುವದು ನಾಚಿಕೆಯಲ್ಲವೆಂದ ಮೇಲೆ ಇದಕ್ಕೂ ನಾಚಬೇಕಾಗಿಲ್ಲ. ಮಠಕ್ಕೆ ಬನ್ನಿರಿ, ಬೇಡವೆನ್ನುವದಿಲ್ಲ. ಆದರೆ ಮಠಕ್ಕೆ ಬಂದೆವೆಂದು ಅಲ್ಲಿಗೆ ಹೋಗುವದನ್ನು ಬಿಡಬೇಡಿರಿ.

ಆ ಹುಡುಗನದು ಏನಾಯಿತು ಎಂದು ನೀವು ಕೇಳುತ್ತೀರಿ. ಆ ಸಂಜೆ ತಂದೆಯನ್ನು ಕರೆದು, ಮಗ ಹೇಳಿದ ಮಾತನ್ನು ಹಾಗೆಯೇ ತಿಳಿಸಿದೆವು. ಆತ ಬಹಳ ಹೊತ್ತು ನೆಲ ನೋಡುತ್ತ ಕುಳಿತ. "ನಾ ಅವಗ ಜವಾಬ್ದಾರಿ ಬರಲಿ ಅಂತ ಹೇಳತಿದ್ದೆ ಅಜ್ಜಾರ" ಎಂದ. ಅದು ನಮಗೂ ಗೊತ್ತಿತ್ತು. ಎದ್ದು ಮಗನ ಹತ್ತಿರ ಹೋಗಿ, ಎಲ್ಲರ ಎದುರಿಗೆ ಹೇಳಿದ: "ಹೊಲದ ಚಿಂತಿ ನಂದು. ಅದನ್ನ ಬಿಡಿಸಿಕೊಳ್ಳಾವ ನಾನು. ನೀ ನಿಂದ ಲೆಕ್ಕಾ ಮಾಡ."

ಮುಂದಿನ ಎರಡು ತಿಂಗಳು ಹುಡುಗ ದಿನಾ ರಾತ್ರಿ ಊಟವಾದ ಮೇಲೆ ತಂದೆಯ ಮುಂದೆ ಒಂದು ಪ್ರಮೇಯ ಒಪ್ಪಿಸಿದ. ತಂದೆ ಓದಿದ್ದು ನಾಲ್ಕನೆಯ ಇಯತ್ತೆ. ತಿಳಿಯದಿದ್ದರೂ "ಹೂಂ" ಎನ್ನುತ್ತ ಕೇಳಿದ. ಮೊದಲು ಹೊಲದ ಮಾತು ಬರುತ್ತಿದ್ದ ಹೊತ್ತಿಗೆ ಈಗ ತ್ರಿಭುಜದ ಮಾತು ಬಂತು. ಜೂನಿನಲ್ಲಿ ಎರಡನೆಯ ಪರೀಕ್ಷೆ ಬರೆದ. ಗಣಿತದಲ್ಲಿ 52 ಅಂಕ ಬಂದವು. ಹೆಚ್ಚೇನೂ ಅಲ್ಲ, ಪತ್ರಿಕೆಯಲ್ಲಿ ಫೋಟೋ ಬರುವ ಅಂಕವಲ್ಲ. ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಆದರೆ ಆ ಮನೆಯಲ್ಲಿ ರಾತ್ರಿ ಮೂವರೂ ಕೂಡಿ ಉಣ್ಣುತ್ತಾರೆ.

ಈ ಸಲ ಪರೀಕ್ಷೆಯ ದಿನ ಮಕ್ಕಳು ಮನೆ ಬಿಡುವಾಗ ಅವರ ಕಿವಿಗೆ ಕೊನೆಗೆ ಬೀಳುವ ಮಾತು ನಿಮ್ಮದಾಗಿರುತ್ತದೆ. ಆ ಮಾತು ಅವರ ಸಂಗಡ ಕೋಣೆಯೊಳಗೆ ಹೋಗಿ ಕೂಡುತ್ತದೆ. ಆದ್ದರಿಂದ ವಿಚಾರ ಮಾಡಿ ಆಡಿರಿ. "ಸಾವಕಾಶ ಬರಿ ತಮ್ಮಾ, ಮಧ್ಯಾಹ್ನ ಉಣ್ಣಾಕ ಬಾ" ಎಂದರೆ ಸಾಕು.

ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.